ಭಾವನ ಮೈಕ್ ಟೆಸ್ಟಿಂಗ್

ನಮ್ಮ ಭಾವನ ಕೈಗೆ ಮೈಕು ಕೊಟ್ಟರೆ ಅವರಿಗೆ ಹಸಿವಾಗುತ್ತದೆ! ಸುಳ್ಳಲ್ಲ. ಲೋಕದಲ್ಲಿ ಎಲ್ಲರೂ "ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಎಂದರೆ, ನಮ್ಮ ಅಕ್ಕನ ಗಂಡ ಕಣ್ಣು ಮುಚ್ಚಿ, "ನೀರುದೋಸೆ, ಗೋಳಿಬಜೆ, ಕೊಟ್ಟೆ ಕಡುಬು, ಪತ್ರೊಡೆ" ಎನ್ನುತ್ತಾರೆ. ಯಾವಾಗಲೂ ಇದೇ ಕ್ರಮ. ಒಂದೂ ಹಿಂದೆಮುಂದೆ ಆಗುವಂತಿಲ್ಲ.

ಭಾವ ಉಡುಪಿಯವರು, ಮಲೇಷ್ಯಾದ ಸುಬಾಂಗ್ ಜಯಾ ಊರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಇದೇನು ಭಾವ ಎಂದು ಕೇಳಿದರೆ, "ಒನ್ ಟೂ ತ್ರೀ ಕಳ್ಳನೂ ಹೇಳ್ತಾನೆ ಮಾರಾಯ. ತಿಂಡಿ ಹೆಸರು ಹೇಳುವಾಗ ಗಂಟಲು ಸುಳ್ಳು ಹೇಳುವುದಿಲ್ಲ, ಗೊತ್ತುಂಟಾ?" ಒಮ್ಮೆ ಕಾಲೇಜಿನ ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಇದನ್ನೇ ಪ್ರಾರ್ಥನೆ ಎಂದುಕೊಂಡು ಎದ್ದು ನಿಂತರು. ಅವರು ನಿಂತ ಮೇಲೆ ಸಭೆ ಕೂತಿರುತ್ತದೆಯೆ? ಇಡೀ ಸಭಾಂಗಣ ಪತ್ರೊಡೆಗೆ ತಲೆಬಾಗಿತು! ಅಕ್ಕ ಮಾತ್ರ ಹಣೆ ಚಚ್ಚಿಕೊಳ್ಳುತ್ತ ಕೂತೇ ಇದ್ದಳು.

ಇಂಥವರು ಒರಾಂಗ್ ಅಸ್ಲಿಗಳ, ಎಂದರೆ ಇಲ್ಲಿನ ಮೂಲನಿವಾಸಿಗಳ, ರೇಡಿಯೋಗೆ ಗಂಟುಬಿದ್ದರು. ಬೆಟ್ಟದ ಬುಡದ ಒಂದು ಹಳ್ಳಿಯವರು ತಮ್ಮದೇ ಭಾಷೆಯಲ್ಲಿ ಮಾತಾಡುವ ಪುಟ್ಟ ಕೇಂದ್ರ ತೆರೆದಿದ್ದರು. ಹಲಗೆಯ ಕೋಣೆ, ಮೇಲೊಂದು ಕಂಬ, ಒಳಗೆ ನೋರಾ ಎಂಬ ಹೆಣ್ಣುಮಗಳು. ಮೊದಲು ಅವಳ ದನಿ ಹಳ್ಳಿಯ ಕೊನೆಮನೆಗೂ ಮುಟ್ಟುತ್ತಿರಲಿಲ್ಲ. ಭಾವ ಪ್ರತಿ ಭಾನುವಾರ ಹೋಗಿ ಕಂಬ ಎತ್ತರಿಸುತ್ತ ಬಂದರು. ವರ್ಷ ಕಳೆಯುವುದರೊಳಗೆ ಹೊಳೆಯ ಮೇಲ್ದಂಡೆಯ ಕಾಡಿನವರೆಗೂ ನೋರಾ ಕೇಳಿಸತೊಡಗಿದಳು.

ಅಷ್ಟರಲ್ಲಿ ಕೊರೋನಾ ಬಂತು. ನಾನು ಹತ್ತಿರದಲ್ಲೇ ನನ್ನ ಮನೆಯಿರುವ ಬಾಂಗ್ಸಾರಿನಿಂದ ಅಕ್ಕನ ಮನೆಗೆ ಒಂದು ಊಟಕ್ಕೆಂದು ಬಂದಿದ್ದೆ, ಸಂಚಾರ ನಿರ್ಬಂಧ ಬಿತ್ತು. ಆ ಒಂದು ಊಟ ಮೂರು ತಿಂಗಳು ನಡೆಯಿತು! ಹಳ್ಳಿಯವರು ದಾರಿಗೆ ಅಡ್ಡಲಾಗಿ ಮರ ಕೆಡವಿದರು. ಮುದುಕರೂ ಮಕ್ಕಳೂ ಬ್ಯಾಟರಿ ರೇಡಿಯೋ ಹಿಡಿದು ಕಾಡು ಸೇರಿದರು. ಅಕ್ಕಿ ಎಂದು ಬರುತ್ತದೆ, ಜ್ವರ ಯಾರಿಗಿದೆ ಎಂದು ನೋರಾ ದಿನಾ ಸಂಜೆ ನಾಲ್ಕಕ್ಕೆ ಓದುತ್ತಿದ್ದಳು. ಅದಕ್ಕೂ ಮೊದಲು ಅವಳು ಫೋನನ್ನು ಮೈಕಿಗೆ ಹಿಡಿಯುತ್ತಿದ್ದಳು, ಭಾವ ನಮ್ಮ ಅಡುಗೆಮನೆಯಿಂದ ಮೈಕು ಪರೀಕ್ಷೆ ಮಾಡುತ್ತಿದ್ದರು. ತಿಂಡಿಗಳ ಪಟ್ಟಿ ಕಾಡಿಗೆಲ್ಲ ಪ್ರಸಾರ!

"ಪಾಪ, ಅವರು ಮರಗೆಣಸು ತಿಂದ್ಕೊಂಡಿದ್ದಾರೆ. ಯಾಕ್ರೀ ಹೊಟ್ಟೆ ಉರಿಸ್ತೀರಾ?" ಎಂದಳು ಅಕ್ಕ.

"ಅವರಿಗೆಂತ ಕನ್ನಡ ಬರ್ತದಾ?"

ಒಂದು ದಿನ ನಾಲ್ಕಕ್ಕೆ ಮುಂಚೆಯೇ ಫೋನು ಹೊಡೆದುಕೊಂಡಿತು. ಪರದೆಯಲ್ಲಿ ನೋರಾ. ಗಂಟಲು ಪೂರ್ತಿ ಹೋಗಿ ಬರೀ ಪಿಸುಮಾತು ಉಳಿದಿತ್ತು. ಅವಳಿಗೂ ಸೋಂಕು, ಹಳ್ಳಿಯ ಅರ್ಧ ಮನೆಗಳಿಗೂ ಸೋಂಕು. ದಾರಿಯ ಮರ ಸರಿಸಿ ಬಂದ ಆಂಬುಲೆನ್ಸ್ ಹೊರಗೆ ಕಾಯುತ್ತಿತ್ತು. ಅವಳಿದ್ದ ಕೋಣೆಗೆ ಬೇರೆ ಯಾರೂ ಕಾಲಿಡುವಂತಿರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅಕ್ಕಿಗಾಗಿ ಇಳಿದು ಬರಬೇಕೆಂದು ಹಿಂದಿನ ಸಂಜೆಯಷ್ಟೇ ಅವಳೇ ಕಾಡಿಗೆ ಹೇಳಿದ್ದಳು. ಬರುವವರಲ್ಲಿ ಅವಳ ತಾಯಿ, ತಾಯಿಯ ಕೈಹಿಡಿದು ನೋರಾಳ ಇಬ್ಬರು ಮಕ್ಕಳು.

"ಅಂಕಲ್, ನೀವೇ ಹೇಳಿ. ಬರಬೇಡಿ ಅನ್ನಿ. ಅಕ್ಕಿ ದೋಣಿಯಲ್ಲಿ ಹೊಳೆ ತಿರುವಿಗೆ ಬರುತ್ತೆ ಅನ್ನಿ. ನನಗೆ ಜ್ವರ ಅಂತ ಮಾತ್ರ ಹೇಳ್ಬೇಡಿ. ಹೇಳಿದ್ರೆ ಅಮ್ಮ ಓಡಿ ಬರ್ತಾಳೆ."

"ನಿಮ್ಮ ಭಾಷೆ ನನಗೆ ಬರುವುದಿಲ್ಲ, ನನ್ನ ಮಲಯ್ ಕೇಳಿದ್ರೆ ಮಾಮಕ್ ಹೋಟೆಲಿನ ತಮಿಳನೇ ನಗ್ತಾನೆ. ಅವರು ನನ್ನನ್ನು ಯಾಕೆ ನಂಬ್ತಾರೆ?"

ಹಿಂದೆ ಯಾರ್ಯಾರೋ ಧ್ವನಿವರ್ಧಕ ಹಿಡಿದು ಬಂದು ಮೋಸ ಮಾಡಿದ್ದರಂತೆ. ಗುರುತಿಲ್ಲದ ದನಿಗೆ ಆ ಜನ ಕಿವಿಗೊಡುವುದಿಲ್ಲ.

"ಮೊದಲು ನಿಮ್ಮ ತಿಂಡಿ ಹೇಳಿ," ಎಂದಳು ನೋರಾ. "ಆಗ ನಂಬ್ತಾರೆ."

ಅವಳು ಫೋನನ್ನು ಮೈಕಿನ ಮುಂದೆ ಒರಗಿಸಿದಳು. ಅಕ್ಕ ಕುಕ್ಕರು ಆರಿಸಿದಳು. ಭಾವ ಎದ್ದು ನಿಂತು "ನೀರುದೋಸೆ" ಎನ್ನುವಷ್ಟರಲ್ಲಿ ಲೈನು ಕಟ್! ಮತ್ತೆ ಮಾಡಿದರು, ಹತ್ತಲಿಲ್ಲ. ಮೂರನೆಯ ಸಲ ಹತ್ತಿತು. ಅಲ್ಲಿ ಹೊರಗೆ ಆಂಬುಲೆನ್ಸಿನ ಹಾರನ್ ಕೇಳುತ್ತಿತ್ತು. ನೋರಾ ಗೋಡೆಗೊರಗಿ, ಸೆರಗಿನಂತೆ ಟವೆಲನ್ನು ಬಾಯಿಗೊತ್ತಿ ಕೆಮ್ಮು ನುಂಗುತ್ತಿದ್ದಳು.

"ನೀರುದೋಸೆ, ಗೋಳಿಬಜೆ, ಕೊಟ್ಟೆ ಕಡುಬು..."

ಭಾವ ಅವಳನ್ನೇ ನೋಡುತ್ತಿದ್ದವರು ಅಲ್ಲಿಗೇ ನಿಂತರು. ಸೀದಾ ಸಂದೇಶಕ್ಕೆ ಬಂದರು. ಮಕ್ಕಳನ್ನು ಕರೆತರಬೇಡಿ, ಅಲ್ಲೇ ಇರಿ ಎಂದು ತಮ್ಮ ಹರಕು ಮಲಯ್‌ನಲ್ಲಿ ಮೂರು ಸಲ ಹೇಳಿದರು.

ಕೇಳಿಸಿತೋ ಇಲ್ಲವೋ, ತಿಳಿಯುವುದು ಹೇಗೆ? ರೇಡಿಯೋಗೆ ಬಾಯುಂಟು, ಕಿವಿಯಿಲ್ಲ. ಮರುದಿನ ಹಳ್ಳಿಯ ಮುಖಂಡ ಕಾಡುದಾರಿಯ ಬಾಯಲ್ಲಿ ನಿಂತ. ಏಳಾಯಿತು, ಎಂಟಾಯಿತು. ಭಾವ ಕಾಫಿ ಮುಟ್ಟಲಿಲ್ಲ. ಒಂಬತ್ತಕ್ಕೆ ಅವನ ಫೋನು ಬಂತು: "ಯಾರೂ ಬರಲಿಲ್ಲ." ಯಾರೂ ಬರಲಿಲ್ಲವೆಂದು ನಮ್ಮ ಮನೆಯಲ್ಲಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು!

ನೋರಾ ಹುಷಾರಾಗಿ ಬಂದಳು. ನಿರ್ಬಂಧ ಸಡಿಲವಾದ ಮೇಲೆ ನಾವೂ ಡಬ್ಬಿ ತುಂಬ ಗೋಳಿಬಜೆ ಕಟ್ಟಿಕೊಂಡು ಹೋದೆವು. ನೋರಾಳ ತಾಯಿ ಒಂದನ್ನು ಕಚ್ಚಿ ಏನೋ ಅಂದಳು. ನೋರಾ ನಗುತ್ತ ತಿಳಿಸಿದಳು: "ಇದಕ್ಕೇನಾ ದಿನಾ ಅಷ್ಟು ಕೂಗ್ತಿದ್ದೆ ಅಂತಾಳೆ ಅಮ್ಮ!"

ಎಲ್ಲರೂ ನಕ್ಕೆವು. ಮುದುಕಿ ನಗಲಿಲ್ಲ. ಭಾವನ ಮಣಿಕಟ್ಟು ಹಿಡಿದು ಮೆಲ್ಲಗೆ ಮಾತಾಡಿದಳು. ನೋರಾ ತಡೆತಡೆದು ಹೇಳಿದಳು: "ಆ ದಿನ ನೀನು ನಾಲ್ಕನೆಯದನ್ನ ಬಿಟ್ಟೆ. ನನ್ನ ಮಗಳಿಗೆ ಏನೋ ಆಗಿದೆ ಅಂತ ಆಗಲೇ ಗೊತ್ತಾಯ್ತು. ಕಾಲು ಇಳಿಯೋ ದಾರಿಗೇ ಎಳೀತಿತ್ತು. ಆದ್ರೆ ಮಕ್ಕಳನ್ನ ತರಬೇಡ ಅಂದಿದ್ದೆಯಲ್ಲ. ಇಬ್ಬರನ್ನೂ ತಬ್ಕೊಂಡು ಅಲ್ಲೇ ಕೂತೆ."

ಭಾವ ಎದ್ದು ಹಲಗೆಯ ಕೋಣೆಗೆ ಹೋದರು. ಮೈಕಿನ ಮುಂದೆ ಕೂತು, ಕಣ್ಣು ಒರೆಸಿಕೊಂಡು, ಅಂದು ಬಿಟ್ಟದ್ದನ್ನು ಹೇಳಿದರು.

"ಪತ್ರೊಡೆ."