ಬಿಟ್ಟಿ ಮನೆಗೆ ಇಬ್ಬರು ಸಾಕ್ಷಿಗಳು

ತೆರಿಗೆ ಕಚೇರಿಯಿಂದ ಬಂದ ಕಾಗದವನ್ನು ವಾನ್‌ಫು ಹದಿನಾಲ್ಕು ದಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದ. ಹದಿನೈದನೆಯ ದಿನ ಬೆಳಿಗ್ಗೆ ಸೋಯಾ ಹಾಲು ತೆಗೆಯಲು ಹೋದ ಅವನ ಹೆಂಡತಿ ಯುಲಾನ್ ಅದನ್ನು ಪೂರ್ತಿ ಓದಿದಳು.

"ರೀ, ಇವತ್ತೇ ಕೊನೇ ದಿನ! ಸಂಜೆ ಐದು ಗಂಟೆ ಅಂತ ಬರೆದಿದ್ದಾರೆ!"

ವಿಷಯ ಇಷ್ಟೇ. ತೈನಾನ್ ನಗರದ ದೇವಸ್ಥಾನವೊಂದರ ಹಿಂದಿನ ಓಣಿಯಲ್ಲಿ ವಾನ್‌ಫುವಿಗೆ ಇನ್ನೊಂದು ಪುಟ್ಟ ಮನೆಯಿತ್ತು. ಮೂರು ವರ್ಷದಿಂದ ಅದರಲ್ಲಿ ಯುಲಾನಳ ತಮ್ಮ ತಿಂಗ್‌ಯಾವ್ ಒಂದು ಕಾಸೂ ಕೊಡದೆ ವಾಸವಾಗಿದ್ದ. ಮಗನಿಗೋ ಅಪ್ಪನಿಗೋ ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೆಂಡತಿಯ ತಮ್ಮ ಮಾತ್ರ ಕಾನೂನಿನ ಕಣ್ಣಿಗೆ ಹೊರಗಿನವನು. ಹೊರಗಿನವನಿಗೆ ಯಾರಾದರೂ ಮನೆ ಬಿಟ್ಟಿ ಕೊಡುತ್ತಾರೆಯೇ ಎಂಬುದು ಕಚೇರಿಯ ಅನುಮಾನ. ಈ ಕಾನೂನು ಬರೆದವನಿಗೆ ಮದುವೆಯಾಗಿರಲಿಲ್ಲವೆಂದು ಕಾಣುತ್ತದೆ. ಬಿಟ್ಟಿ ಎಂಬ ಒಪ್ಪಂದವನ್ನು ನೋಟರಿಯ ಮುಂದೆ ಮಾಡಿಸಿ, ನೆಂಟರಲ್ಲದ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ತಂದುಕೊಡಬೇಕು. ಇಲ್ಲದಿದ್ದರೆ ಆ ಓಣಿಯಲ್ಲಿ ನಡೆಯುವ ಬಾಡಿಗೆಯನ್ನೇ ವಾನ್‌ಫುವಿನ ಆದಾಯವೆಂದು ಹಿಡಿದು ತೆರಿಗೆ ಹಾಕುತ್ತಾರೆ.

ವಾನ್‌ಫು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಹೆಂಡತಿಯನ್ನು ಪೆಂಘು ದ್ವೀಪಕ್ಕೆ ಕರೆದೊಯ್ಯಲು ಎರಡು ವರ್ಷದಿಂದ ಕೂಡಿಡುತ್ತಿದ್ದ. ತೆರಿಗೆ ಬಿದ್ದರೆ ಆ ಪ್ರವಾಸ ಅಲ್ಲಿಗೇ ಮುಗಿದಂತೆ.

"ಇಬ್ಬರು ಸಾಕ್ಷಿ ತಾನೆ? ಆ ಓಣೀಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತು. ಅರ್ಧ ಗಂಟೆ ಕೆಲಸ," ಎಂದು ಅವನು ಸ್ಕೂಟರ್ ಹತ್ತಿದ.

ಓಣಿಯ ಬಾಯಲ್ಲೇ ಆಶ್ಯಾಳ ತಿಂಡಿ ಅಂಗಡಿ. ಕಾವಲಿಯ ಮೇಲೆ ಮೊಟ್ಟೆ ರೊಟ್ಟಿ ಮಗುಚುತ್ತಿದ್ದ ಆಶ್ಯಾ ಅವನನ್ನು ಕಂಡದ್ದೇ ಮುಖ ತಿರುಗಿಸಿದಳು.

"ಆಶ್ಯಾ ಅಕ್ಕ, ಒಂದು ಸಹಿ ಬೇಕಿತ್ತು. ನಾನು ತಿಂಗ್‌ಯಾವ್ ಹತ್ರ ಬಾಡಿಗೆ ತಗೊಳಲ್ಲ ಅಂತ."

ಆಶ್ಯಾಳ ಕೈಯಲ್ಲಿದ್ದ ಸಟ್ಟುಗ ಗಾಳಿಯಲ್ಲೇ ನಿಂತಿತು. "ಅಯ್ಯೋ, ನಾಚಿಕೆ ಆಗಲ್ವೇನಪ್ಪಾ ನಿಂಗೆ? ಹೆಂಡ್ತಿ ಸ್ವಂತ ತಮ್ಮನ ಹತ್ರ ತಿಂಗಳು ತಿಂಗಳು ಹನ್ನೆರಡು ಸಾವಿರ ಎಣಿಸ್ಕೊಂಡು, ಈಗ ತೆರಿಗೆ ತಪ್ಪಿಸೋಕೆ ನನ್ನ ಕೈಲಿ ಸುಳ್ಳು ಹೇಳಿಸ್ತೀಯಾ?"

"ಹನ್ನೆರಡು ಸಾವಿರನಾ? ಯಾರು ಹೇಳಿದ್ದು?"

"ಇನ್ಯಾರು? ಅವನೇ! ಐದನೇ ತಾರೀಖು ಬಂದ್ರೆ ಸಾಕು, ಇಲ್ಲಿ ಕೂತು ನಿಟ್ಟುಸಿರು ಬಿಡ್ತಾನೆ. 'ಭಾವಂಗೆ ಬಾಡಿಗೆ ಕಟ್ಟಿ ಬರಿಗೈ ಆದೆ ಅಕ್ಕಾ' ಅಂತಾನೆ. ಕರುಳು ಚುರ್ ಅಂದು ನಾನೇ ಒಂದು ಮೊಟ್ಟೆ ಜಾಸ್ತಿ ಹಾಕಿ ಕೊಡ್ತೀನಿ."

ಮೂಲೆಯ ಮೇಜಿನಲ್ಲಿ ಮೂಲಂಗಿ ಕಡುಬು ತಿನ್ನುತ್ತಿದ್ದ ವಾರ್ಡಿನ ಮುಖಂಡ ಕ್ವೋ ಇಷ್ಟು ಹೊತ್ತು ಕಿವಿ ಇಲ್ಲೇ ಇಟ್ಟಿದ್ದ. ಈಗ ಬಾಯಿ ಒರೆಸಿಕೊಂಡು ಎದ್ದ.

"ಹೋದ ವರ್ಷ ದೇವಸ್ಥಾನದ ವಂತಿಗೇನೂ ಅವನು ಕೊಡ್ಲಿಲ್ಲ. 'ಭಾವ ಬಾಡಿಗೆ ಏರಿಸಿದ್ದಾರೆ' ಅಂದ. ಪಾಪ ಅಂತ ನಾವೇ ಬಿಟ್ವಿ. ವಾನ್‌ಫು, ಬೇರೆಯವ್ರಾದ್ರೆ ಸರಿ. ಹೆಂಡ್ತಿ ತಮ್ಮ ಕಣಯ್ಯಾ!"

"ಏರಿಸೋಕೆ ಮೊದ್ಲು ಬಾಡಿಗೆ ಅಂತ ಒಂದು ಇರ್ಬೇಕಲ್ಲ ಮುಖಂಡ್ರೇ!" ವಾನ್‌ಫು ಅಳುವುದೊಂದು ಬಾಕಿ. "ನಲ್ಲಿ ಕೆಟ್ಟರೂ ನಾನೇ ಹೋಗಿ ಸರಿಮಾಡಿ ಬರ್ತೀನಿ. ಬನ್ನಿ, ಅವನನ್ನೇ ಕೇಳೋಣ!"

ಗಂಟೆ ಹನ್ನೊಂದಾಗಿತ್ತು. ತಿಂಗ್‌ಯಾವ್ ಚಡ್ಡಿಯಲ್ಲಿ ಆಕಳಿಸುತ್ತ ಬಾಗಿಲು ತೆರೆದ. ಭಾವನ ಹಿಂದೆ ಆಶ್ಯಾ, ಅವಳ ಹಿಂದೆ ವಾರ್ಡಿನ ಮುಖಂಡ ನಿಂತದ್ದು ಕಂಡು ಅವನ ಆಕಳಿಕೆ ಅರ್ಧಕ್ಕೇ ನಿಂತಿತು. ಭಾವನನ್ನು ಒಳಗೆಳೆದು ಬಾಗಿಲು ಹಾಕಿದ. ವಾನ್‌ಫು ತೆರಿಗೆಯ ವಿಷಯ ಹೇಳಿ, ನೋಟರಿಯ ಮುಂದೆ ಸಹಿ ಹಾಕಲು ಕರೆದ.

"ಭಾವ, ಅವರ ಮುಂದೆ ಮಾತ್ರ ಬೇಡ. ಕಾಲಿಗೆ ಬೀಳ್ತೀನಿ. ನಲವತ್ತು ವರ್ಷದ ಗಂಡಸು ಅಕ್ಕನ ಮನೇಲಿ ಬಿಟ್ಟಿ ಇದ್ದಾನೆ ಅಂದ್ರೆ ಈ ಓಣೀಲಿ ನಾನು ತಲೆ ಎತ್ತಿ ಓಡಾಡೋದು ಹೇಗೆ?"

"ಅದಕ್ಕೆ ನನ್ನ ತಲೆ ತೆಗೀತೀಯೇನೋ?"

"ತೆರಿಗೆ ಕಟ್ಟಿಬಿಡಿ ಭಾವ. ಮರ್ಯಾದೆ ಮುಖ್ಯ."

ಯಾರ ದುಡ್ಡಿನಲ್ಲಿ ಯಾರ ಮರ್ಯಾದೆ ಎಂದು ಕೇಳುವಷ್ಟು ತಾಳ್ಮೆ ವಾನ್‌ಫುವಿಗೆ ಉಳಿದಿರಲಿಲ್ಲ. ಹೆಂಡತಿಗೆ ಫೋನ್ ಮಾಡಿ ತಿಂಗ್‌ಯಾವನ ಕಿವಿಗೆ ಹಿಡಿದ. ಯುಲಾನಳ ದನಿ ಬಾಗಿಲಾಚೆಗೂ ಕೇಳುತ್ತಿತ್ತು.

"ಲೋ, ಸಹಿ ಹಾಕ್ತೀಯೋ ಇಲ್ವೋ? ಇಲ್ಲಾ ಅಂದ್ರೆ ಬರೋ ಸಮಾಧಿ ಹಬ್ಬದಲ್ಲಿ ಅಪ್ಪನ ಗೋರಿ ಮುಂದೆ ಊದುಬತ್ತಿ ಹಿಡ್ಕೊಂಡು, ಚಿಕ್ಕಪ್ಪ ದೊಡ್ಡಪ್ಪ ಎಲ್ಲರ ಎದುರಿಗೂ ಜೋರಾಗಿ ಹೇಳ್ತೀನಿ!"

ಓಣಿಯ ಇಬ್ಬರೋ, ಗೋರಿಯ ಮುಂದಿನ ನಲವತ್ತು ನೆಂಟರೋ ಎಂದು ತೂಗಿ ನೋಡಿ ತಿಂಗ್‌ಯಾವ್ ಪ್ಯಾಂಟು ಹುಡುಕಲು ಹೋದ. ಹೊರಗೆ ಬಂದು ನೆಲ ನೋಡುತ್ತ, "ಬಾಡಿಗೆ... ಅಂಥದ್ದೇನೂ ಕೊಡಲ್ಲ," ಎಂದು ಗೊಣಗಿದ.

"ಮೂರು ವರ್ಷದ ಮೊಟ್ಟೆ!" ಎಂದು ಚೀರಿದಳು ಆಶ್ಯಾ. "ನಡಿ, ನಾನೂ ಬರ್ತೀನಿ. ನೋಟರಿ ಮುಂದೆ ಇದನ್ನ ಇನ್ನೊಂದು ಸಲ ಹೇಳ್ಬೇಕು ಇವನು. ಅಂಗಡಿ ಮುಚ್ಚಿದ್ರೂ ಪರವಾಗಿಲ್ಲ!" ವಂತಿಗೆಯ ಸಿಟ್ಟಿನಲ್ಲಿದ್ದ ಮುಖಂಡನೂ ಹೆಲ್ಮೆಟ್ ಹಾಕಿಕೊಂಡ. ಹೀಗೆ ವಾನ್‌ಫುವಿಗೆ ಬೇಡಿಕೊಳ್ಳದೆಯೇ ಇಬ್ಬರು ಸಾಕ್ಷಿಗಳು ಸಿಕ್ಕರು.

ಆದರೆ ಮುಖಂಡ ಗುರುತಿನ ಚೀಟಿ ಮರೆತು ವಾಪಸು ಹೋದ. ಆಶ್ಯಾ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳಿದಳು. ನೋಟರಿಯ ಬಾಗಿಲಲ್ಲಿ ಊಟದ ವಿರಾಮದ ಫಲಕ ತೂಗುತ್ತಿತ್ತು. ಆಮೇಲೆ ಇವರಿಗಿಂತ ಮೊದಲು ಬಂದ ಏಳು ಮಂದಿಯ ಸರದಿ. ಕೊನೆಗೆ ನೋಟರಿಯಮ್ಮನ ಎದುರು ಕುಳಿತಾಗ ಗಂಟೆ ನಾಲ್ಕು ಹತ್ತು. ತೆರಿಗೆ ಕಚೇರಿ ಎದುರು ರಸ್ತೆಯಲ್ಲೇ ಇತ್ತು. ವಾನ್‌ಫು ಆ ದಿನ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟ.

ನೋಟರಿಯಮ್ಮ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದರು. "ಮನೆಯಲ್ಲಿ ಬಿಟ್ಟಿಯಾಗಿ ಇದ್ದೀರಿ. ಹೌದಾ?"

"ಹೂಂ."

"ಕೇಳಿಸ್ಲಿಲ್ಲ," ಎಂದಳು ಆಶ್ಯಾ.

"ಹೂಂ ಅಂದ್ನಲ್ಲಾ!" ತಿಂಗ್‌ಯಾವನ ಕಿವಿ ಕೆಂಪೇರಿತು. ಸರದಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು.

"ಸರಿ. ಕೊನೇ ಪ್ರಶ್ನೆ. ಬರೀ ವಾಸಕ್ಕೆ ತಾನೆ? ಅಲ್ಲಿ ವ್ಯಾಪಾರ ಗೀಪಾರ ಏನೂ ಇಲ್ಲವಲ್ಲ?"

ಇಲ್ಲ ಎಂಬ ಎರಡಕ್ಷರ ಸಾಕಿತ್ತು. ಅಷ್ಟರಲ್ಲಿ ಆಶ್ಯಾ ಮೂಗು ಮುರಿದಳು. "ವ್ಯಾಪಾರವಾ? ಹನ್ನೊಂದು ಗಂಟೆಗೆ ಏಳೋನು ಏನು ವ್ಯಾಪಾರ ಮಾಡ್ತಾನೆ?" ಮುಖಂಡ ಕಿಸಕ್ಕೆಂದ. ಹಿಂದಿನ ಕುರ್ಚಿಗಳಲ್ಲೂ ನಗು ಹಬ್ಬಿತು.

ತಿಂಗ್‌ಯಾವ್ ಎದ್ದು ನಿಂತ. ಜೇಬಿನಿಂದ ಚಿನ್ನದ ಅಂಚಿನ ಕಾರ್ಡು ತೆಗೆದು, ಎರಡೂ ಕೈಯಲ್ಲಿ ಹಿಡಿದು, ನೋಟರಿಯಮ್ಮನಿಗೆ ಬಾಗಿ ಕೊಟ್ಟ.

"ಪ್ರಧಾನ ವ್ಯವಸ್ಥಾಪಕ, ಸ್ವರ್ಣತರಂಗ ಮೀನುತೊಟ್ಟಿ ಸಲಹಾ ಸಂಸ್ಥೆ. ಮೀನುತೊಟ್ಟಿ ಯಾವ ದಿಕ್ಕಿಗಿಟ್ರೆ ಮನೆಗೆ ದುಡ್ಡು ಹರಿದು ಬರುತ್ತೆ ಅಂತ ಸಲಹೆ ಕೊಡ್ತೀನಿ. ಆ ಮೂಲೇಲಿರೋ ನಿಮ್ಮ ತೊಟ್ಟಿಯ ದಿಕ್ಕೂ ತಪ್ಪಿದೆ ಮೇಡಂ."

ನೋಟರಿಯಮ್ಮನ ಬೆರಳುಗಳು ಕೀಲಿಮಣೆಯಿಂದ ಮೇಲೆದ್ದವು.

"ಗಿರಾಕಿ ಒಬ್ರೂ ಇಲ್ಲ ಅಂತ ಹೇಳೋ!" ವಾನ್‌ಫು ಅವನ ಅಂಗಿ ಜಗ್ಗಿದ.

"ಗಿರಾಕಿ ಇವತ್ತು ಇಲ್ಲದಿದ್ರೆ ನಾಳೆ ಬರ್ತಾರೆ ಭಾವ. ಸಂಸ್ಥೆ ನೋಂದಣಿ ಆಗಿ ವರ್ಷವಾಯ್ತು, ನಿಮ್ಮ ಮನೆ ವಿಳಾಸದಲ್ಲೇ!"

"ಕ್ಷಮಿಸಿ," ಎಂದರು ನೋಟರಿಯಮ್ಮ. "ಇದನ್ನು ಕೇಳಿದ ಮೇಲೆ ಬರೀ ವಾಸಕ್ಕೆ ಅಂತ ನಾನು ಬರೆಯೋ ಹಾಗಿಲ್ಲ. ವ್ಯಾಪಾರಕ್ಕೆ ಕೊಟ್ಟ ಮನೆ ಬಿಟ್ಟಿಯಾದರೂ ಬಾಡಿಗೆ ಲೆಕ್ಕವೇ. ಮನೆ ತೆರಿಗೆಯೂ ಅಂಗಡಿ ದರಕ್ಕೆ ಏರಬಹುದು, ವಿಚಾರಿಸಿಕೊಳ್ಳಿ."

ಪೆಂಘು ದ್ವೀಪ ವಾನ್‌ಫುವಿನ ಕಣ್ಣೆದುರೇ ಮುಳುಗಿತು. ಯುಲಾನಳಿಗೆ ಏನೆಂದು ಹೇಳುವುದೋ ತಿಳಿಯದೆ, ಹೊರಗೆ ಬಂದು ಸ್ಕೂಟರಿನ ಪಕ್ಕ ಮೆಟ್ಟಿಲ ಮೇಲೆ ಕುಸಿದು ಕುಳಿತ.

ಒಳಗಿನಿಂದ ಬಂದ ಮುಖಂಡ ಕ್ವೋ ಗಂಟಲು ಸರಿಮಾಡಿಕೊಂಡ. "ನಮ್ಮನೆ ಮೀನುತೊಟ್ಟಿನೂ ಒಂದ್ಸಲ ನೋಡಿಬಿಡಿ ವ್ಯವಸ್ಥಾಪಕ್ರೇ," ಎಂದ. ತಿಂಗ್‌ಯಾವ್ ಅವನಿಗೊಂದು ಕಾರ್ಡು ಕೊಟ್ಟು, ಭಾವನ ಪಕ್ಕ ಬಂದು ಕುಳಿತ.

"ಭಾವ, ಬೇಜಾರು ಮಾಡ್ಕೋಬೇಡಿ. ಒಂದು ಕೇಳ್ಲಾ? ಈ ತೆರಿಗೆ ಕಾಗದದಲ್ಲಿ, ಆ ಮನೆಯಿಂದ ನಿಮಗೆ ಬಾಡಿಗೆ ಬರುತ್ತೆ ಅಂತ ಸರ್ಕಾರವೇ ಬರೆದು ಕೊಡುತ್ತೆ ತಾನೆ?"

"ಹೂಂ," ಎಂದ ವಾನ್‌ಫು.

"ಅದರದೊಂದು ನಕಲು ಕೊಡ್ತೀರಾ? ನಾನು ಬಿಟ್ಟಿ ಇದ್ದೀನಿ ಅಂತ ಇನ್ನು ಯಾರೂ ಅನ್ನಬಾರದು, ನೋಡಿ."