ಸಂಡಿಗೆಗೊಂದು ಬಾಲ್ಕನಿ

ಊರವರಿಗೆಲ್ಲ ಮನೆ ತೋರಿಸುವುದೇ ಕಸುಬಾಗಿರುವವನಿಗೆ ಸ್ವಂತ ಹೆಂಡತಿಗೊಂದು ಮನೆ ತೋರಿಸುವುದು ಯಾವ ಮಹಾ ಕೆಲಸ? ನಾನು ಹಾಗೆಯೇ ಅಂದುಕೊಂಡಿದ್ದೆ. ದುಬೈಯಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಆಗಿ ಕೂದಲು ಉದುರಿಸಿಕೊಂಡವನು ನಾನು. ಬಚ್ಚಲುಮನೆಯಷ್ಟು ಕೋಣೆಯನ್ನು 'ಮುದ್ದಾದ ಸ್ಟುಡಿಯೋ' ಎಂದೂ, ಹೆದ್ದಾರಿಯ ಗದ್ದಲವನ್ನು 'ಒಳ್ಳೆಯ ಸಂಪರ್ಕ' ಎಂದೂ ಹೇಳಿ ನಂಬಿಸಿದವನು. ನನಗೆ ಇದೊಂದು ಲೆಕ್ಕವೇ?

ಈ ಕಸುಬಿನ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ಗಿರಾಕಿಗಳಿಗೆ ಮನೆ ನೋಡಲು ಬಿಡುವಾಗುವುದು ಶನಿವಾರ, ಭಾನುವಾರ. ಹೆಂಡತಿ ಮಗಳಿಗೆ ರಜೆ ಇರುವುದೂ ಅವತ್ತೇ. ನಮ್ಮ ಕನ್ನಡ ಕೂಟದ ಸಭೆ, ಅಭ್ಯಾಸ, ಹಬ್ಬ ಎಲ್ಲ ನಡೆಯುವುದೂ ಅದೇ ಎರಡು ದಿನ. ಹೀಗಾಗಿ ವಾರವಿಡೀ ದುಡಿದು ದಣಿದವನು ವಾರಾಂತ್ಯದಲ್ಲಿ ನಿಜವಾಗಿ ದಣಿಯುತ್ತೇನೆ. ಕೂಟದವರು ನನ್ನನ್ನು ಸರ್ವಾನುಮತದಿಂದ ಸ್ಥಳ ಸಮಿತಿಯ ಸಂಚಾಲಕನನ್ನಾಗಿ ಮಾಡಿದ್ದಾರೆ. ನನ್ನ ಯೋಗ್ಯತೆಯನ್ನು ಗುರುತಿಸಿದರು ಎಂದು ಹಿಗ್ಗಿದ್ದೆ. 'ಇವರ ಹತ್ರ ಖಾಲಿ ಮನೆಗಳ ಬೀಗದ ಕೈ ಇರ್ತದಲ್ಲ' ಎಂದು ಅಧ್ಯಕ್ಷರು ಸಭೆಯಲ್ಲೇ ಹೇಳಿದ ಮೇಲೆ ಹಿಗ್ಗು ಇಳಿಯಿತು.

ನನ್ನ ಹೆಂಡತಿ ವಿನಯಾ ಉಡುಪಿಯವಳು. ಅವಳಿಗೆ ಚಿನ್ನದ ಹುಚ್ಚಿಲ್ಲ, ಮಾಲಿನ ಹುಚ್ಚಿಲ್ಲ. ಇರುವುದೊಂದೇ ಹುಚ್ಚು, ಸಂಡಿಗೆ. ಕರಾಮ ಬಡಾವಣೆಯ ನಮ್ಮ ಫ್ಲ್ಯಾಟಿನ ಅಡುಗೆಮನೆ ಕಿಟಕಿ ತೆರೆದರೆ ಪಕ್ಕದ ಮನೆಯವರ ಎಕ್ಸಾಸ್ಟ್ ಫ್ಯಾನ್ ಮುಖಕ್ಕೆ ಬರುತ್ತದೆ. ಬಿಸಿಲೆಂಬುದು ಒಳಗೆ ಕಾಲಿಟ್ಟದ್ದೇ ಇಲ್ಲ. ಆದ್ದರಿಂದ ಅವಳು ಸಂಡಿಗೆ ಒಣಗಿಸುವುದು ಹೊರಗೆ ನಿಲ್ಲಿಸಿದ ನನ್ನ ಕಾರಿನಲ್ಲಿ, ಹಿಂದಿನ ಗಾಜಿನ ಕೆಳಗೆ. ಅದೇ ಕಾರಿನಲ್ಲಿ ನಾನು ಗಿರಾಕಿಗಳನ್ನು ಕೂರಿಸಿಕೊಂಡು ಹೋಗಬೇಕು. ಅವರು ಹತ್ತಿದ ಕೂಡಲೇ ಮೂಗು ಅರಳಿಸುತ್ತಾರೆ. ಇಂಗು, ಹಸಿಮೆಣಸು, ಹುಳಿಮಜ್ಜಿಗೆ. ಒಬ್ಬರಂತೂ "ಈ ಕಾರಿನಲ್ಲಿ ಯಾರಾದರೂ ಅಡುಗೆ ಮಾಡ್ತಾರಾ?" ಎಂದು ಕೇಳಿದರು.

ವಿನಯಾಳ ಬೇಡಿಕೆ ಮಾತ್ರ ನ್ಯಾಯವಾದದ್ದೇ. "ಸಮುದ್ರ ಕಾಣ್ಬೇಕು ಅಂತ ನಾನು ಕೇಳ್ಲಿಲ್ಲ ಮಾರಾಯ್ರೆ. ಬಿಸಿಲು ಬರುವ ಒಂದು ಬಾಲ್ಕನಿ ಸಾಕು. ಇದು ದುಬೈ. ಇಲ್ಲಿ ಬಿಸಿಲಿಗೆ ಬರ ಉಂಟಾ?"

ಅಂಥ ಮನೆ ಸಿಕ್ಕಾಗಲೆಲ್ಲ ಯಾರಾದರೂ ಗಿರಾಕಿ ಅಡ್ಡ ಬರುತ್ತಿದ್ದ. ಸಿಕ್ಕಿತು ಎಂದು ಮನೆಯಲ್ಲಿ ಸಾರುವುದು, ಮರುದಿನ ಕೈತಪ್ಪಿತು ಎಂದು ತಲೆ ತಗ್ಗಿಸುವುದು. ಇತ್ತೀಚೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಬೈಯುವ ಹೆಂಡತಿಯನ್ನಾದರೂ ಸಂಭಾಳಿಸಬಹುದು, ಕೇಳುವುದನ್ನು ಬಿಟ್ಟವಳ ಎದುರು ಊಟಕ್ಕೆ ಕೂರುವುದು ಕಷ್ಟ. ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಹೀಗಿರುವಾಗ ಖಾದರ್ ಸಾಹೇಬರ ಫೋನ್ ಬಂತು. ಅವರು ಭಟ್ಕಳದವರು. ನಮ್ಮ ಹಿಂದಿನ ಬೀದಿಯ ಹಳೆಯ ಕಟ್ಟಡವೊಂದನ್ನು ಅದರ ಅರಬ್ ಮಾಲೀಕರ ಪರವಾಗಿ ನೋಡಿಕೊಳ್ಳುತ್ತಾರೆ. ಅಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ಖಾಲಿಯಾಗಿತ್ತು. ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಸಾಹೇಬರ ಜೊತೆ ಹೊಕ್ಕು ನೋಡಿದೆ. ಪೂರ್ವಕ್ಕೆ ಬಾಲ್ಕನಿ. ಕಟ್ಟಡದ ಹಿಂಬದಿಯಾದ್ದರಿಂದ ಏನು ಹರವಿದರೂ ರಸ್ತೆಗೆ ಕಾಣದು, ಯಾರ ತಕರಾರೂ ಇಲ್ಲ. ನೆಲದ ತುಂಬ ಬಿಸಿಲು ಚಾಪೆ ಹಾಸಿದಂತೆ ಬಿದ್ದಿತ್ತು.

"ಸದಾನಂದ್ ಭಾಯ್, ಶನಿವಾರ ಸಂಜೆ ನಾನು ಬರ್ತೇನೆ. ನಿಮ್ಮ ಮನೆಯವರು ನೋಡಿ ಹೂಂ ಅಂದ್ರೆ ಖಲಾಸ್, ಮನೆ ನಿಮ್ದು. ಅವತ್ತು ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೇನೆ. ತುಂಬಾ ಜನ ಕೇಳ್ತಾ ಇದ್ದಾರೆ," ಎಂದು ಸಾಹೇಬರು ಹೇಳಿ ಬೀಗದ ಕೈ ಕೊಟ್ಟರು.

ಆ ಕೊನೆಯ ವಾಕ್ಯವನ್ನು ನಾನು ದಿನಾ ಗಿರಾಕಿಗಳಿಗೆ ಹೇಳುವವನು. ಅದು ಕೆಲವು ಸಲ ನಿಜವೂ ಆಗಿರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಶನಿವಾರ ಸಂಜೆಯೇ ಕೂಟದ ರಾಜ್ಯೋತ್ಸವಕ್ಕೆ ಮಹಿಳೆಯರ ಕೋಲಾಟದ ಅಭ್ಯಾಸ. ಗೊತ್ತು ಮಾಡಿದ್ದ ಹಾಲ್ ಕೈಕೊಟ್ಟಿತ್ತು, ಸ್ಥಳ ಸಮಿತಿಯ ಮಾನ ಹೋಗುವುದರಲ್ಲಿತ್ತು. ಅದೇ ಸಂಜೆ ಒಬ್ಬ ಗಿರಾಕಿ ಅದೇ ಕಟ್ಟಡದ ನಾಲ್ಕನೇ ಮಹಡಿಯ ಮನೆ ನೋಡಲು ಬರುವವನಿದ್ದ. ನನ್ನ ತಲೆಯಲ್ಲಿ ದೀಪ ಹೊತ್ತಿತು. ಕೋಲಾಟ ಮೂರನೇ ಮಹಡಿಯ ಖಾಲಿ ಮನೆಯಲ್ಲಿ ನಡೆಯಲಿ. ಕೋಲಾಟದ ತಂಡದಲ್ಲಿ ವಿನಯಾ ಇದ್ದೇ ಇದ್ದಾಳೆ, ತಾನಾಗಿಯೇ ಬಂದು ಮನೆ ನೋಡುತ್ತಾಳೆ. ಗಿರಾಕಿಯನ್ನು ಮೇಲೆ ಸುಧಾರಿಸಿ ನಾನು ಕೆಳಗಿಳಿಯುವ ಹೊತ್ತಿಗೆ ಸಾಹೇಬರು ಬರುತ್ತಾರೆ. ಎಲ್ಲರೆದುರು "ವಿನಯಾ, ಇದು ನಿನ್ನ ಮನೆ" ಎಂದು ಘೋಷಿಸುವುದು, ಕೂಟದ ಮಹಿಳಾಮಣಿಗಳಿಂದ ಚಪ್ಪಾಳೆ. ಕೆಲಸ, ಸಂಸಾರ, ಸಮಾಜ ಮೂರೂ ಒಂದೇ ಸಂಜೆ, ಒಂದೇ ಮೆಟ್ಟಿಲಲ್ಲಿ.

ಮಗಳು ತನ್ವಿಗೆ ಮಾತ್ರ ಗುಟ್ಟು ಹೇಳಿದೆ. ಎಂಟನೇ ಕ್ಲಾಸಿನ ಹುಡುಗಿ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. "ಜಸ್ಟ್ ಟೆಲ್ ಅಮ್ಮ, ಅಪ್ಪಾ. ವಾಟ್ಸ್ ದ ಪ್ರಾಬ್ಲಮ್?" ಎಂದಳು.

"ನಿನಗೆ ಅರ್ಥ ಆಗುದಿಲ್ಲ. ಇದು ಸರ್ಪ್ರೈಸ್. ಬಾಯಿ ಬಿಟ್ಟರೆ ನೋಡು," ಎಂದು ಆಣೆ ಹಾಕಿಸಿಕೊಂಡೆ.

ಶನಿವಾರ ಸಂಜೆ ಬೀಗ ತೆಗೆದು, ಕೂಟದ ಹತ್ತಾರು ಹೆಂಗಸರನ್ನು ಬರಮಾಡಿಕೊಂಡು, ಠೀವಿಯಿಂದ ಎಸಿ ಸ್ವಿಚ್ ಒತ್ತಿದೆ. ಏನೂ ಆಗಲಿಲ್ಲ. ಖಾಲಿ ಮನೆಗೆ ಕರೆಂಟಿನ ಕನೆಕ್ಷನ್ ಇರುವುದಿಲ್ಲ. ಇದು ಈ ಊರಿನ ಎಳೆ ಮಗುವಿಗೂ ಗೊತ್ತಿರುವ ವಿಷಯ, ನಾನು ದಿನಾ ಗಿರಾಕಿಗಳಿಗೆ ಪಾಠ ಹೇಳುವ ವಿಷಯ. ಸೆಕೆಗೆ ರೇಷ್ಮೆ ಸೀರೆಗಳೆಲ್ಲ ಗೊಣಗತೊಡಗಿದವು. ನಾನು ಓಡಿಹೋಗಿ ಬಾಲ್ಕನಿಯ ಬಾಗಿಲು ತೆರೆದೆ. ತಣ್ಣಗೆ ಗಾಳಿ ಬಂತು. ಎಲ್ಲರೂ ಬಾಲ್ಕನಿಯ ಕಡೆ ತಿರುಗಿದರು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಖಾಲಿ ಮನೆಯಲ್ಲಿ ನಾಲ್ಕು ಜನ ನಿಂತರೆ ನನ್ನ ನಾಲಗೆ ತಾನಾಗಿಯೇ ಓಡುತ್ತದೆ. "ಪೂರ್ವಾಭಿಮುಖ ಬಾಲ್ಕನಿ. ಮಧ್ಯಾಹ್ನದವರೆಗೆ ಬಿಸಿಲು, ಸಂಜೆ ಗಾಳಿ. ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದು. ಸೂಪರ್ ಮಾರ್ಕೆಟ್ ಕೆಳಗೇ, ಬಸ್ಸು ಎದುರಿಗೇ..." ಹೀಗೆ ಶುರುವಾದದ್ದು ಕಪಾಟಿನ ಒಳಗಿನವರೆಗೆ ಹೋಯಿತು. ಇದೆಲ್ಲ ವಿನಯಾಳ ಕಿವಿಗೆ ಬೀಳಲಿ ಎಂಬುದು ನನ್ನ ಆಸೆ. ಅವಳ ಕಿವಿಗೆ ಚೆನ್ನಾಗಿಯೇ ಬಿತ್ತು.

ಅಷ್ಟರಲ್ಲಿ ಗಿರಾಕಿಯ ಫೋನ್. ನಾಲ್ಕನೇ ಮಹಡಿಗೆ ಓಡಿದೆ. ಅವನಿಗೆ ಬೇಕಾಗಿದ್ದದ್ದು ಶಾಂತವಾದ ಮನೆ. "ಇಷ್ಟು ಶಾಂತ ಕಟ್ಟಡ ಕರಾಮದಲ್ಲೇ ಇಲ್ಲ," ಎಂದು ನಾನು ಹೇಳಿ ಮುಗಿಸುವುದಕ್ಕೂ ಕೆಳಗಿನಿಂದ ಟಕ್ ಟಕ್ ಎಂದು ಶಬ್ದ ಏಳುವುದಕ್ಕೂ ಸರಿಹೋಯಿತು.

"ಏನದು?"

"ಸಣ್ಣ ರಿಪೇರಿ ಸರ್. ಇವತ್ತಿಗೆ ಮುಗಿಯುತ್ತದೆ."

ಅಷ್ಟರಲ್ಲಿ ರಿಪೇರಿಯವರು ಒಕ್ಕೊರಲಿನಿಂದ ಹಾಡತೊಡಗಿದರು. ಗಿರಾಕಿ ನನ್ನ ಮುಖ ನೋಡಿದ. ಆಮೇಲೆ ವಾಚು ನೋಡಿದ. ಆಮೇಲೆ ಲಿಫ್ಟಿನ ಕಡೆ ನಡೆದ. ಹೋದರೆ ಹೋಗಲಿ, ಹೆಂಡತಿಯ ಮನೆಯಾದರೂ ಆಗಲಿ ಎಂದುಕೊಂಡು ನಾನು ಮೆಟ್ಟಿಲಿಳಿದೆ.

ಕೆಳಗೆ ಖಾದರ್ ಸಾಹೇಬರು ಆಗಲೇ ಬಂದಿದ್ದರು. ಕೋಲಾಟದ ಸದ್ದಿಗೆ ಎರಡನೇ ಮಹಡಿಯವರು ಫೋನ್ ಮಾಡಿ ದೂರಿದ್ದರಂತೆ, ಬೈಯಲೆಂದೇ ಬೇಗ ಬಂದವರು. ಆದರೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತ, ವಿನಯಾ ಕರಿದು ತಂದಿದ್ದ ಸಂಡಿಗೆ ಮೆಲ್ಲುತ್ತಿದ್ದರು. ನನ್ನ ಕಾರಿನಲ್ಲೇ ಒಣಗಿದ ಸಂಡಿಗೆ. ಅವರ ಎದುರು ವಿನಯಾ ಮಲಗಿದ ಮಗುವೊಂದನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲಿ ನೀಲಾ.

ನೀಲಾ ಹಾವೇರಿ ಕಡೆಯವಳು, ಕೂಟಕ್ಕೆ ಹೊಸಬಳು. ಗಂಡ ಯಾವುದೋ ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ಕೈಗೂಸನ್ನು ಕಟ್ಟಿಕೊಂಡು ಬೇರೆಯವರ ಫ್ಲ್ಯಾಟಿನ ಒಂದು ಕೋಣೆಯಲ್ಲಿದ್ದಾರೆ. ಮಗು ಅಳುತ್ತದೆಂದು ಆ ಕೋಣೆಯನ್ನೂ ತಿಂಗಳ ಕೊನೆಗೆ ಬಿಡಲು ಹೇಳಿದ್ದರು.

"ಪೂರ್ವಾಭಿಮುಖ ಬಾಲ್ಕನಿ ಸಾಹೇಬ್ರೆ," ವಿನಯಾ ಹೇಳುತ್ತಿದ್ದಳು. "ಮಧ್ಯಾಹ್ನದವರೆಗೆ ಬಿಸಿಲು, ಸಂಜೆ ಗಾಳಿ. ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದು ಅಂತ ಇವರೇ ಈಗ ಹೇಳಿದ್ರು. ಪಾಪ, ಈ ಹುಡುಗಿಗೆ ಕೊಡಿ. ನೋಡಿ, ಮಗು ಇಲ್ಲಿಗೆ ಬಂದ ಕೂಡಲೇ ಮಲಗಿತು."

"ಹೌದ್ರಿ," ಎಂದಳು ನೀಲಾ. "ಅಲ್ಲಿ ಒಟ್ಟ ಮಲಗಂಗಿಲ್ರಿ. ಇಲ್ಲೆ ಎಷ್ಟ್ ಛಲೋ ಗಾಳಿ ಬರತೈತ್ರಿ ಅಕ್ಕಾರ."

ಒಂದೊಂದು ಮಾತೂ ನನ್ನದೇ. ಇಷ್ಟು ವರ್ಷ ಸಂಸಾರ ಮಾಡಿ ಅವಳು ನನ್ನಿಂದ ಕಲಿತದ್ದು ಇದೊಂದೇ, ಅದನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ನನ್ನನ್ನು ಕಂಡದ್ದೇ ಮಗುವನ್ನು ನನ್ನ ಹೆಗಲಿಗೆ ಹಾಕಿ, "ಅಲುಗಾಡ್ಬೇಡಿ, ಎದ್ದೀತು," ಎಂದು ಮತ್ತೆ ಸಾಹೇಬರ ಕಡೆ ತಿರುಗಿದಳು.

ಸಾಹೇಬರಿಗೆ ಅವಳು ನನ್ನ ಹೆಂಡತಿ ಎಂದು ಗೊತ್ತಾಗಿತ್ತು. ಅವರ ಕಣ್ಣಲ್ಲಿ ಮೆಚ್ಚುಗೆ ತುಂಬಿತ್ತು. "ಸದಾನಂದ್ ಭಾಯ್, ನಿಮ್ಮ ಮನೆಯವರು ಮನೆ ನೋಡಿ ಹೀಗೆ ಹೇಳ್ತಾ ಇದ್ದಾರೆ. ನೀವೇನಂತೀರಿ?"

ಅಮ್ಮನ ಜೊತೆ ಬಂದಿದ್ದ ತನ್ವಿ ಮೂಲೆಯಿಂದ ಕಣ್ಣು ಬಿಟ್ಟು, "ಅಪ್ಪಾ, ಸೇ ಸಮ್‌ಥಿಂಗ್," ಎಂದಳು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೆಗಲ ಮೇಲೆ ನೀಲಾಳ ಮಗು ಬೆಚ್ಚಗೆ ಉಸಿರಾಡುತ್ತಿತ್ತು. ಅದರ ಜೊಲ್ಲು ನನ್ನ ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ಇಂಥ ಭಂಗಿಯಲ್ಲಿ ನಿಂತು 'ಇಲ್ಲ, ಈ ಮನೆ ಸಂಡಿಗೆಗೆ ಬೇಕು' ಎಂದು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ.

"ಮಾಫಿ ಮುಷ್ಕಿಲ್," ಎಂದೆ. ತೊಂದರೆ ಏನಿಲ್ಲ ಎಂದರ್ಥ. ಇಷ್ಟು ದೊಡ್ಡ ತೊಂದರೆಗೆ ಈ ಮಾತನ್ನು ಯಾವ ಅರಬನೂ ಬಳಸಿರಲಾರ.

ಚಪ್ಪಾಳೆ ಬಿತ್ತು. ನಾನು ಯೋಜಿಸಿದ್ದಕ್ಕಿಂತ ಜೋರಾಗಿಯೇ ಬಿತ್ತು.

ಎಲ್ಲರೂ ಇಳಿಯುವಾಗ ಸಾಹೇಬರು ಮೆಟ್ಟಿಲಲ್ಲಿ ನಿಂತು ವಿನಯಾಳಿಗೆ ಕೈ ಮುಗಿದರು. "ನಿಮ್ಮ ಮನಸ್ಸು ದೊಡ್ಡದಮ್ಮಾ. ನಿಮಗೇ ಅಂತ ಇಟ್ಟ ಮನೆಯನ್ನು ಆ ಮಗುವಿಗೆ ಬಿಟ್ಟುಕೊಟ್ರಿ."

ವಿನಯಾ ಕೋಲುಗಳ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದಳು. ಸಾಹೇಬರನ್ನು ನೋಡಿದಳು, ನನ್ನನ್ನು ನೋಡಿದಳು. ಕೋಲುಗಳನ್ನು ನನ್ನ ಕೈಗೆ ತುರುಕಿ ಸರಸರನೆ ಮೆಟ್ಟಿಲಿಳಿದಳು.

ಮನೆಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. "ಒಂದು ಮಾತು ಹೇಳಿದ್ರೆ ಎಂತ ಆಗ್ತಿತ್ತು?"

"ಸರ್ಪ್ರೈಸ್ ಮಾಡುವ ಅಂತ..."

"ಆಯ್ತಲ್ಲ."

"ಹೋಗ್ಲಿ ಬಿಡು ವಿನಯಾ. ಒಳ್ಳೇ ಕೆಲಸ ಮಾಡಿದ್ದಿ."

"ಎಂತ ಒಳ್ಳೇ ಕೆಲಸ? ಗೊತ್ತಿದ್ರೆ ನಾನು ಖಂಡಿತ ಕೊಡ್ತಿರ್ಲಿಲ್ಲ. ಅದೇ ಬೇಜಾರು ನನಗೆ. ಮನೆಯೂ ಹೋಯ್ತು. ಕೊಟ್ಟೆ ಅಂತ ಒಂದು ಸಮಾಧಾನ ಪಡ್ಲಿಕ್ಕೂ ನೀವು ಬಿಡ್ಲಿಲ್ಲ."

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಹೇಳಿದ್ದು ಯಾರನ್ನು ಕುರಿತು ಎಂಬುದು ನನಗೆ ಸ್ಪಷ್ಟವಾಯಿತು. ಅವಳು ಸಾಬಕ್ಕಿ ನೆನೆಹಾಕಲು ಒಳಗೆ ಹೋದಳು. ಸಿಟ್ಟು ಬಂದಾಗ ಅವಳು ಸಂಡಿಗೆ ಮಾಡುತ್ತಾಳೆ. ಆ ವಾರ ಎರಡು ದೊಡ್ಡ ಡಬ್ಬಿ ತುಂಬುವಷ್ಟು ಹಿಟ್ಟು ಕಾಸಿದಳು.

ನೀಲಾ ಹೊಸ ಮನೆಯಲ್ಲಿ ಹಾಲುಕ್ಕಿಸಿದ ದಿನ ವಿಷಯ ಅವಳ ಕಿವಿಗೂ ಬಿತ್ತು. ಹೇಳಿದ್ದು ತನ್ವಿ, ಆಣೆಯ ಅವಧಿ ಮುಗಿಯಿತಂತೆ. ನೀಲಾ ಅಳುವುದೊಂದು ಬಾಕಿ. "ಅಕ್ಕಾರ, ಬಾಲ್ಕನಿ ನಿಮ್ದ ಅಂತ ತಿಳಕೋರಿ. ಸಂಡಗಿ ಎಲ್ಲಾ ಇಲ್ಲೇ ತಂದು ಹಾಕ್ರಿ," ಎಂದು ಪಟ್ಟು ಹಿಡಿದಳು. ವಿನಯಾ ಬೇಡ ಎನ್ನಲಿಲ್ಲ.

ಹೀಗಾಗಿ ಈಗ ಭಾನುವಾರ ಬೆಳಿಗ್ಗೆ ನಾನು ಸಂಡಿಗೆಯ ತಟ್ಟೆಗಳನ್ನು ಹೊತ್ತುಕೊಂಡು ಕರಾಮದ ಬೀದಿಯಲ್ಲಿ ನಡೆಯುತ್ತೇನೆ. ಎದುರಾದ ಹಳೆಯ ಗಿರಾಕಿಗಳು ಮುಖ ಬೇರೆ ಕಡೆ ತಿರುಗಿಸಿ ಉಪಕಾರ ಮಾಡುತ್ತಾರೆ. ಆಮೇಲೆ ಒಂದೆರಡು ಗಂಟೆ ಬಾಲ್ಕನಿಯಲ್ಲಿ ಕೂತು, ತೊಡೆಯ ಮೇಲೆ ನೀಲಾಳ ಮಗುವನ್ನು ಇಟ್ಟುಕೊಂಡು, ಕೋಲಾಟದ ಕೋಲಿನಿಂದ ಪಾರಿವಾಳಗಳನ್ನು ಓಡಿಸುತ್ತೇನೆ. ಒಳಗೆ ವಿನಯಾ ಮತ್ತು ನೀಲಾ ನಗುತ್ತ ಹರಟುತ್ತಾರೆ. ವಿನಯಾ ನನ್ನೊಡನೆಯೂ ಮಾತಾಡತೊಡಗಿದ್ದಾಳೆ, ಹೆಚ್ಚಾಗಿ ಪಾರಿವಾಳಗಳ ವಿಷಯ.

ಮೊದಲ ಭಾನುವಾರ ಹಾಗೆ ಕೂತಿದ್ದಾಗ ಗಿರಾಕಿಯೊಬ್ಬ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದ. "ಒಂದು ಪ್ರಾಪರ್ಟಿ ನೋಡಿಕೊಳ್ತಾ ಇದ್ದೇನೆ ಸರ್," ಎಂದೆ. ಫೋನ್ ಇಡುವಷ್ಟರಲ್ಲಿ ಕಾಲಿಗೆ ತಣ್ಣಗಾಯಿತು. ನೋಡಿದರೆ ತಟ್ಟೆಗಳ ಮೇಲೆಲ್ಲ ನೆರಳು. ಗಂಟೆ ಇನ್ನೂ ಹತ್ತು ಹೊಡೆದಿರಲಿಲ್ಲ. ಸೂರ್ಯ ದಕ್ಷಿಣ ಬದಿಯ ಎತ್ತರದ ಕಟ್ಟಡದ ಹಿಂದೆ ಹೋಗಿದ್ದ, ಅವತ್ತಿಗೆ ಮತ್ತೆ ಈ ಕಡೆ ಬರುವ ಲಕ್ಷಣವಿರಲಿಲ್ಲ. ನಾನು ಈ ಮನೆಯನ್ನು ನೋಡಿದ್ದು ಆಫೀಸಿಗೆ ಹೋಗುವ ಮುಂಚೆ, ಒಂದೇ ಸಲ.

ವಿನಯಾ ಹೊರಗೆ ಬಂದು ಹಸಿ ಸಂಡಿಗೆಯೊಂದನ್ನು ಬೆರಳಿನಿಂದ ಒತ್ತಿ ನೋಡಿದಳು. ಆಕಾಶ ನೋಡಿದಳು. ನನ್ನನ್ನು ನೋಡಿದಳು.

"ಮಧ್ಯಾಹ್ನದವರೆಗೆ ಬಿಸಿಲು ಅಂದ್ರಲ್ಲ ಮಾರಾಯ್ರೆ?"

ನಾನು ಮಗುವನ್ನು ಅವಳ ಕೈಗೆ ಕೊಟ್ಟೆ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡೆ, ಕಾರಿನ ಬೀಗದ ಕೈ ಹುಡುಕಿಕೊಂಡು ಮೆಟ್ಟಿಲಿಳಿದೆ.