ಮಳಖೇಡ ಸುಡದೆ ಉಳಿದ ಭಾನುವಾರ

ಈ ಕತೆಯಲ್ಲಿ ಸುಳ್ಳೇನಾದರೂ ಇದ್ದರೆ ಅದು ಬಸವಲಿಂಗ ಹೇಳಿದ್ದು. ಉಳಿದದ್ದೆಲ್ಲ ಸೇಡಂನಲ್ಲಿ ನಡೆದದ್ದೇ.

ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸೂರ್ಯಕಾಂತ ಎರಡು ವರ್ಷ ಕುಳಿತು ಹೆಬ್ಬೆರಳುದ್ದದ ಮುನ್ನೂರು ಮಣ್ಣಿನ ಸೈನಿಕರನ್ನು ಮಾಡಿ ಬಣ್ಣ ಬಳಿದಿದ್ದ. ಭಾನುವಾರಕ್ಕೊಮ್ಮೆ ಚಿತ್ತಾಪುರದ ಬ್ಯಾಂಕ್ ಗುಮಾಸ್ತ ಬಸವಲಿಂಗ ಆಡಲು ಬರುತ್ತಿದ್ದ. ಪಡಸಾಲೆಯ ಶಹಾಬಾದ್ ಕಲ್ಲಿನ ನೆಲವೇ ರಣರಂಗ. ದಾಳ ಬಿದ್ದಷ್ಟು ಕಲ್ಲು ದಾಟಿ ಸೈನ್ಯ ಮುಂದೆ. ಯುದ್ಧ ಯಾವುದೆಂದು ಸೂರ್ಯಕಾಂತ ಆರಿಸಬೇಕು, ಪಕ್ಷ ಯಾವುದೆಂದು ಬಸವಲಿಂಗ. ಅವನು ಪ್ರತಿಸಲ ಬಲವಿದ್ದ ಕಡೆಗೇ ಕೂಡುತ್ತಿದ್ದ. ಸೂರ್ಯಕಾಂತ ಸತತ ಏಳು ಸಲ ಸೋತಿದ್ದ. ಇವತ್ತು ಒಂದೇ ಒಂದು ಗೆಲುವು ಬೇಕಿತ್ತು.

ಬೆಳಿಗ್ಗೆ ಪುಸ್ತಕ ಹರವಿಕೊಂಡು ಕುಳಿತಾಗ ಪಕ್ಕದ ಮನೆಯ ಅನಸುಬಾಯಿ ಗೋಡೆಯಾಚೆಯಿಂದ ಇಣುಕಿದಳು.

"ಬರೇ ಹೊಡೆದಾಟ ಯಾಕ್ರಿ ಸರ? ಒಂದ್ ಲಗ್ನದ ಮೆರವಣಿಗಿ ಮಾಡ್ರಿ. ಕುದುರಿ ಹೆಂಗೂ ಅವ."

"ಲಗ್ನದಾಗ ಗೆಲ್ಲೋರು ಯಾರ್ರಿ ಅಕ್ಕಾರ?"

"ಅದನ್ನ ನಿಮ್ಮ ಮನಿಯವರಿಗೇ ಕೇಳ್ರಿ."

ಆಗಲೇ ನೆನಪಾಯಿತು. ತನ್ನ ಹೆಂಡತಿಯ ತವರು ಮಳಖೇಡವೆಂದು ಬಸವಲಿಂಗ ಹೋದ ವಾರ ಹೇಳಿದ್ದ. ಸಾವಿರ ವರ್ಷದ ಹಿಂದೆ ಮಾಳವದ ಪರಮಾರರು ನುಗ್ಗಿ ಕೊಳ್ಳೆ ಹೊಡೆದ ಊರು. ಅಳಿಯನಾದವನು ಅತ್ತೆಮನೆಯ ಊರಿಗೆ ಬೆಂಕಿ ಇಡುವವರ ಕಡೆ ಸೇರಿಯಾನೇ? ಊರು ಕಾಯಲೇಬೇಕು, ಸೋಲಲೇಬೇಕು. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಸಿಕ್ಕ ಹುಡುಗನಂತೆ ಸೂರ್ಯಕಾಂತ ತಕ್ಷಣ ಫೋನ್ ಹಚ್ಚಿದ.

"ಮಳಖೇಡ ಏನ್ರಿ ಸರ?" ಬಸವಲಿಂಗನ ದನಿ ಬಾಡಿತು. "ಆಗ್ಲಿ ಬಿಡ್ರಿ. ಊರ ಉಳಿಸೋ ಕಡಿ ನಂದು."

ಮಧ್ಯಾಹ್ನ ಅವನು ಒಬ್ಬನೇ ಬರಲಿಲ್ಲ. ಟಂಟಂ ಗಾಡಿ ತುಂಬ ಅತ್ತೆ, ಮಾವ, ಅತ್ತೆಯ ಮೂವರು ತಂಗಿಯರು.

"ತಮ್ಮೂರಿನ ಲಡಾಯಿ, ನೋಡೇ ನೋಡ್ತೀವಿ ಅಂದ್ರು ಸರ. ಏನ್ ಮಾಡ್ಲಿ?"

ಅತ್ತೆ ನೀಲಾಬಾಯಿ ಡಬ್ಬಿ ಬಿಚ್ಚಿ ಸೂರ್ಯಕಾಂತನ ತಟ್ಟೆಗೆ ಎರಡು ಶೇಂಗಾ ಹೋಳಿಗೆ ಹಾಕಿ ತುಪ್ಪ ಸುರಿದಳು. ತಿಂದ. ಮೂರನೆಯದನ್ನೂ ಕೇಳಿ ಹಾಕಿಸಿಕೊಂಡ.

ಕಾಗಿಣಾ ಹೊಳೆಯೆಂದು ಹಾಸಿದ್ದ ನೀಲಿ ಪಂಚೆಯನ್ನು ಪರಮಾರ ಸೈನ್ಯ ದಾಟುವವರೆಗೂ ದಾಳ ಸೂರ್ಯಕಾಂತನ ಮಾತು ಕೇಳಿತು. ಕೋಟೆಯ ಬಾಗಿಲಿಗೆ ಇನ್ನೊಂದೇ ಕಲ್ಲು.

"ಸರ," ನೀಲಾಬಾಯಿ ಮೆಲ್ಲಗೆ ಕೇಳಿದಳು, "ಒಳಗ ಹೋಗಿ ಏನ್ ಮಾಡ್ತೀರಿ?"

"ಅದು... ಸುಡೋದರಿ. ಇತಿಹಾಸದಾಗ ಹಂಗೇ ಅದ."

"ಹೌದೇನ್ರಿ. ಹೋಳಿಗಿ ಹೆಂಗಿದ್ದವು?"

ಸೂರ್ಯಕಾಂತನ ಮುಷ್ಟಿಯಲ್ಲಿ ದಾಳ ನಿಂತಿತು. ಹದಿನೈದು ವರ್ಷ ಈ ಊರಿನ ಪತನವನ್ನು ಎರಡು ಅಂಕದ ಪ್ರಶ್ನೆಯಾಗಿ ಕಲಿಸಿದ್ದ. ಆ ಬಾಗಿಲ ಹಿಂದೆಯೂ ಯಾರೋ ಬೆಲ್ಲ ಕುಟ್ಟುತ್ತ ಕುಳಿತಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವನು ಕುದುರೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿದ.

ಬಸವಲಿಂಗ ಮೂಗು ಹಿಡಿದು ವಾಡಿ ರೈಲು ಸ್ಟೇಷನ್ನಿನ ಘೋಷಣೆಯ ದನಿ ತೆಗೆದ: "ಪರಮಾರ ಸೈನ್ಯ ಮಾಳವಕ್ಕ ವಾಪಸ್ ಹೊಂಟದ. ಸರ ಅವರ ಸೋಲು ಎಂಟನೇ ಪ್ಲಾಟ್‌ಫಾರ್ಮಿಗೆ ಬಂದು ನಿಂತದ."

ಎಲ್ಲರೂ ಹೊರಡುವಾಗ ಸೂರ್ಯಕಾಂತ ನೀಲಾಬಾಯಿಗೆ ಕೈಮುಗಿದ. "ಮಳಖೇಡಕ್ಕ ಬಂದಾಗ ನಿಮ್ಮ ಮನಿಗೆ ಬರ್ತೀನ್ರಿ ಅಮ್ಮಾರ."

ನೀಲಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಮ್ಮೂರು ತೆಂಗಳಿರಿ ಸರ. ಮಳಖೇಡ ನಾ ಬಸ್ಸಿನಾಗಿಂದ ನೋಡೀನಷ್ಟ. ನಾಳೆ ಸರ ಮಳಖೇಡನೇ ಆರಿಸ್ತಾರ, ಹೋಳಿಗಿ ಮಾಡ್ರಿ ಅಂತ ಅಳಿಯಂದ್ರು ನಿನ್ನೀನೇ ಫೋನ್ ಮಾಡಿದ್ರು."

ಮೊದಲು ನಕ್ಕದ್ದು ಮಾವ, ಆಮೇಲೆ ಗೋಡೆಯಾಚೆ ಅನಸುಬಾಯಿ. ಬಸವಲಿಂಗ ಮಾತ್ರ ಚಪ್ಪಲಿ ಮೆಟ್ಟಿ ಓಡಲು ಸಿದ್ಧನಾಗಿ ನಿಂತ. ಸೂರ್ಯಕಾಂತ ನೆಲದ ಮೇಲೆ ಹಾಗೇ ಉಳಿದಿದ್ದ ಊರನ್ನು ನೋಡಿದ. ತುಟಿ ಅದುರಿತು. ಆಮೇಲೆ ಎಲ್ಲರಿಗಿಂತ ಜೋರಾಗಿ, ಕೋಟೆಯ ಬಾಗಿಲಲ್ಲಿದ್ದ ಮಣ್ಣಿನ ಆನೆ ಉರುಳಿ ಬೀಳುವಷ್ಟು ಜೋರಾಗಿ ನಕ್ಕ.